ಒಂಬತ್ತನೇ ಗಾಜು

ಒಂಬತ್ತನೇ ಗಾಜಿನಲ್ಲಿ ಒಂದು ಗುಳ್ಳೆ ಇತ್ತು. ಸಾಸಿವೆ ಕಾಳಿಗಿಂತ ತುಸು ದೊಡ್ಡದು, ಒಂದು ಕಡೆ ಚಪ್ಪಟೆ. ನನ್ನ ಮಗಳು ಎದ್ದು ನಿಲ್ಲಲು ಕಲಿತದ್ದು ಆ ಗೋಡೆಯನ್ನು ಹಿಡಿದೇ. ನಿಂತಾಗ ಅವಳ ಕಣ್ಣಿನ ಮಟ್ಟಕ್ಕೆ ಸರಿಯಾಗಿ ಆ ಗುಳ್ಳೆ. ದಿನಾ ಬೆಳಿಗ್ಗೆ ಅದರ ಮೇಲೆ ತೋರುಬೆರಳಿಟ್ಟು 'ಬುಬ್ಬು' ಎನ್ನುವಳು, ಆಮೇಲೆಯೇ ಉಳಿದ ಲೋಕದ ಕಡೆಗೆ ತಿರುಗುವಳು.

ಬೀಗದಜ್ಜನ ಬಗ್ಗೆ ಬರೆಯಬೇಕೆಂದು ಕೂತವಳು ಗಾಜಿನಿಂದ ಶುರುಮಾಡಿದ್ದೇನೆ. ಆದರೆ ಅಜ್ಜನ ಇಡೀ ಬಾಳು ಆ ಗಾಜಿನ ಆಚೆ ಈಚೆಯೇ ಇದೆ. ಎಲ್ಲಿಂದ ಹೊರಟರೂ ಅಲ್ಲಿಗೇ ಬರಬೇಕು.

ನಾನು ಕೆಲಸ ಮಾಡುತ್ತಿದ್ದ ಕಟ್ಟಡ ನಮ್ಮ ದ್ವೀಪದ ಬಂದರಿನಲ್ಲಿ, ಲಾಂಚು ಬಂದು ನಿಲ್ಲುವ ಕಟ್ಟೆಗೆ ಅಂಟಿಕೊಂಡಿದೆ. ಹಿಂದೆ ಅದು ಸುಂಕದ ಮನೆ, ಈಗ ನಗರಸಭೆಯ ಸಾಂಸ್ಕೃತಿಕ ಕೇಂದ್ರ. ಕೆಳಗೆ ಓದುವ ಕೋಣೆ, ಚಿತ್ರ ಕಲಿಸುವ ಕೋಣೆ, ಕೇಂದ್ರ ನಡೆಸುವ ಮೇಡಂ ಕಚೇರಿ. ಮೇಲೆ, ಒಂದು ಕಾಲಕ್ಕೆ ಮೂಟೆ ಒಟ್ಟುತ್ತಿದ್ದ ಅಟ್ಟದಲ್ಲಿ ಸಭಾಂಗಣ. ಅದಕ್ಕೆ ಮರದ ನೆಲ, ಸಮುದ್ರದ ಕಡೆಗೆ ಏಳು ಉದ್ದನೆಯ ಕಿಟಕಿ. ಓದುವ ಕೋಣೆಯ ಪುಸ್ತಕಗಳು ಮತ್ತು ಸಭಾಂಗಣ ಯಾವ ದಿನ ಯಾರಿಗೆ ಎಂಬ ರಿಜಿಸ್ಟರ್ ನನ್ನ ವಶದಲ್ಲಿದ್ದವು. ಮಗಳಿಗೆ ಏಳು ತಿಂಗಳಾದಾಗ ಕೆಲಸಕ್ಕೆ ಮರಳಿದೆ, ಅವಳನ್ನೂ ಕಂಕುಳಲ್ಲಿಟ್ಟುಕೊಂಡೇ. ಮೇಡಂ ಒಂದು ಷರತ್ತು ಹಾಕಿದ್ದರು: "ಅತ್ತರೆ ಹೊರಗೆ. ಮಗು ಅತ್ತರೂ ಸರಿ, ನೀನು ಅತ್ತರೂ ಸರಿ."

ಅಜ್ಜ ಅಲ್ಲಿಯ ಕಾವಲುಗಾರ. ಬಾಗಿಲು ತೆರೆಯುವುದು, ಮುಚ್ಚುವುದು, ಕುರ್ಚಿ ಜೋಡಿಸುವುದು, ಕಿಟಕಿಯ ಕೊಂಡಿಗಳಿಗೆ ಎಣ್ಣೆ ಬಿಡುವುದು ಎಲ್ಲ ಅವನದೇ. ಅದಕ್ಕೂ ಮುಂಚೆ, ಸುಂಕದ ಮನೆ ಸುಂಕದ ಮನೆಯೇ ಆಗಿದ್ದಾಗ, ಅವನು ಅಲ್ಲಿ ತೂಕದವನು. ಮೂಟೆಗಳನ್ನು ತೂಗಿ ತೂಗಿ ಕಣ್ಣೇ ತಕ್ಕಡಿಯಾಗಿಬಿಟ್ಟಿತ್ತು. ಪ್ರತಿ ಸೋಮವಾರ ನನ್ನ ಮಗಳನ್ನು ಎರಡೂ ಕೈಯಲ್ಲಿ ಎತ್ತಿ, ಕಣ್ಣು ಮುಚ್ಚಿ, "ಒಂಬತ್ತು ಕೆಜಿ ಇನ್ನೂರು. ಹೋದ ವಾರ ಜ್ವರ ಬಂದಿತ್ತಲ್ಲ, ಅದಕ್ಕೆ ಏರಿಲ್ಲ" ಎನ್ನುತ್ತಿದ್ದ. ಆಸ್ಪತ್ರೆಯ ತಕ್ಕಡಿಗೂ ಅವನ ಕೈಗೂ ಐವತ್ತು ಗ್ರಾಂಗಿಂತ ಹೆಚ್ಚು ಜಗಳ ಬಂದದ್ದಿಲ್ಲ. ಮೇಡಂ ಮಾತ್ರ, ತಮ್ಮ ತೂಕ ಹೇಳಿಬಿಟ್ಟಾನೆಂದು, ಅವನ ಎದುರು ನಿಲ್ಲುತ್ತಿರಲಿಲ್ಲ. ಏನಾದರೂ ಹೇಳಬೇಕಿದ್ದರೆ ಮೇಜಿನ ಹಿಂದೆ ಕೂತೇ ಹೇಳುತ್ತಿದ್ದರು.

ಬೆಳಗಿನ ಅವನ ಮೊದಲ ಕೆಲಸ ಗಾಜು ನೋಡುವುದು. ಹಳೆಯ ಗೋಡೆಗಳಲ್ಲಿ ಬಿರುಕುಗಳಿದ್ದವು. ಒಂದೊಂದು ಬಿರುಕಿಗೂ ಅಡ್ಡಲಾಗಿ ಬೆರಳಗಲದ ಗಾಜಿನ ಪಟ್ಟಿಯಿಟ್ಟು, ಎರಡೂ ತುದಿಗೆ ಗಾರೆ ಮೆತ್ತಿ, ಹಸಿ ಗಾರೆಯ ಮೇಲೆ ಮೊಳೆಯಿಂದ ತಾರೀಖು ಗೀಚಿದ್ದರು. ಗೋಡೆ ಅಲುಗಿದರೆ ಗಾಜು ಮುರಿಯುತ್ತದೆ. ಗಾಜು ಮುರಿದರೆ ಎಂಜಿನಿಯರಿಗೆ ತಿಳಿಸಬೇಕು. ಒಟ್ಟು ಹದಿನೇಳು ಗಾಜು. ಎಲ್ಲವನ್ನೂ ಹಾಕಿದ್ದು ಐದು ವರ್ಷದ ಹಿಂದೆ, ಕೇಂದ್ರ ತೆರೆದ ತಿಂಗಳಲ್ಲಿ, ಇದೇ ಕಟ್ಟಡದ ಒಡೆದ ಕಿಟಕಿ ಗಾಜುಗಳನ್ನು ಕತ್ತರಿಸಿ. ಅಜ್ಜ ಒಂದೊಂದನ್ನೂ ಉಗುರಿನ ಬೆನ್ನಿಂದ ತಟ್ಟಿ, ಕಿವಿಗೊಟ್ಟು, ಮುಂದಿನದಕ್ಕೆ ಹೋಗುತ್ತಿದ್ದ. ತಿಂಗಳಿಗೊಮ್ಮೆ ಪುಸ್ತಕದಲ್ಲಿ 'ಎಲ್ಲಾ ಗಾಜು ಸರಿಯಿದೆ' ಎಂದು ಬರೆದು ಸಹಿ ಹಾಕುತ್ತಿದ್ದ. ಒಂಬತ್ತನೆಯದು ಓದುವ ಕೋಣೆಯ ಸಮುದ್ರದ ಕಡೆಯ ಗೋಡೆಯಲ್ಲಿತ್ತು, ನೆಲದಿಂದ ಎರಡು ಅಡಿ ಎತ್ತರದಲ್ಲಿ. ಅದರ ನೇರ ಮೇಲೆ ಅಟ್ಟವನ್ನು ಹೊತ್ತ ದೊಡ್ಡ ತೊಲೆಯ ತುದಿ ಗೋಡೆಯೊಳಗೆ ಕೂತಿತ್ತು. ಅದರ ನೇರ ಕೆಳಗೆ ನಾನು ಮಕ್ಕಳ ಪುಸ್ತಕಗಳ ಚಾಪೆ ಹಾಸಿದ್ದೆ.

ಒಂದು ಗುರುವಾರ ಬೆಳಿಗ್ಗೆ ಮಗಳು ಎಂದಿನಂತೆ ಗೋಡೆ ಹಿಡಿದು ಎದ್ದಳು. ಬೆರಳಿಟ್ಟಳು, ತೆಗೆದಳು. ಇನ್ನೊಂದು ಕಡೆ ಇಟ್ಟಳು. ಗಾಜಿನ ಉದ್ದಕ್ಕೂ ಬೆರಳು ಎಳೆದು, ನನ್ನ ಕಡೆ ತಿರುಗಿ, ಎರಡೂ ಅಂಗೈ ಬಿಚ್ಚಿ ತೋರಿಸಿದಳು. ಅವಳ ಭಾಷೆಯಲ್ಲಿ ಹಾಗೆಂದರೆ 'ಇಲ್ಲ'.

ಹತ್ತಿರ ಹೋಗಿ ನೋಡಿದೆ. ನಿಜವಾಗಿಯೂ ಇರಲಿಲ್ಲ. ಗಾಜು ನೀರಿನಂತೆ ತಿಳಿಯಾಗಿತ್ತು. ಹಳೆಯದರ ಹಸಿರು ಛಾಯೆಯೂ ಇಲ್ಲ. ಗಾರೆಯ ಮೇಲೆ ಐದು ವರ್ಷದ ಹಿಂದಿನ ತಾರೀಖು ಹಾಗೆಯೇ ಇತ್ತು, ಗಾರೆಯ ಬಣ್ಣವೂ ಹಳೆಯದೇ. ಮಗುವಿನ ಮೂಗೊರೆಸುವ ಒದ್ದೆ ಬಟ್ಟೆಯಿಂದ ಉಜ್ಜಿದೆ. ಬಟ್ಟೆಗೆ ಕಂದು ಹತ್ತಿತು. ಮೂಸಿದರೆ ಚಹಾದ ವಾಸನೆ.

ಮಗಳು ಹುಟ್ಟಿದಂದಿನಿಂದ ದಿನಕ್ಕೆ ನಾಲ್ಕು ಸಾಲು ಬರೆದಿಡುವ ಅಭ್ಯಾಸ ನನಗೆ. ಡೈರಿ ತಿರುವಿ ಹಾಕಿದೆ. ಹದಿಮೂರು ದಿನದ ಹಿಂದೆ ಬರೆದಿದ್ದೆ: 'ಇಂದು ಗುಳ್ಳೆಗೆ ಮುತ್ತು ಕೊಟ್ಟಳು. ಗೋಡೆಯ ಸುಣ್ಣ ತುಟಿಗೆ ಹತ್ತಿತು. ಬಾಯಿ ತೊಳೆಸಿದೆ.' ಮರುದಿನದಿಂದ ಅವಳಿಗೆ ಜ್ವರ, ನಾವಿಬ್ಬರೂ ಮತ್ತೆ ಕೇಂದ್ರಕ್ಕೆ ಬಂದದ್ದು ಈ ಗುರುವಾರವೇ. ಅಂದರೆ ಈ ಹದಿಮೂರು ದಿನದಲ್ಲಿ ಗಾಜು ಮುರಿದಿದೆ. ಯಾರೋ ಹೊಸದನ್ನು ಅಂಟಿಸಿ, ಹಳೆಯ ತಾರೀಖು ಗೀಚಿ, ಚಹಾದ ನೀರು ಬಳಿದು ಹಳೆಯದು ಮಾಡಿದ್ದಾರೆ. ಗಾಜು ಮುಟ್ಟುವವನು ಕಟ್ಟಡದಲ್ಲಿ ಒಬ್ಬನೇ.

ತಲೆ ಎತ್ತಿ ತೊಲೆಯ ತುದಿ ನೋಡಿದೆ. ಅದು ಇದ್ದ ಹಾಗೆಯೇ ಇತ್ತು. ಆದರೂ ಚಾಪೆ ಸುತ್ತಿ ಕೋಣೆಯ ಇನ್ನೊಂದು ತುದಿಗೆ ಒಯ್ದೆ. ಆ ದಿನವಿಡೀ ಮಗಳನ್ನು ಕಂಕುಳಿಂದ ಇಳಿಸಲಿಲ್ಲ. ಯಾರು ಕೇಳಿದರೂ 'ಹಲ್ಲು ಬರ್ತಿದೆ, ರಚ್ಚೆ' ಎಂದೆ.

ಶುಕ್ರವಾರ ಬೆಳಿಗ್ಗೆ, ಇನ್ನೂ ಯಾರೂ ಬಂದಿರದಾಗ, ಅಜ್ಜ ಒಂಬತ್ತನೆಯ ಗಾಜು ತಟ್ಟುವವರೆಗೂ ಕಾದೆ.

"ಅಜ್ಜ, ಗುಳ್ಳೆ ಎಲ್ಲಿ ಹೋಯ್ತು?"

ಅವನ ಉಗುರು ಗಾಜಿನ ಮೇಲೆಯೇ ನಿಂತಿತು. ತಿರುಗಲಿಲ್ಲ.

"ಯಾವ ಗುಳ್ಳೆ?"

"ಮಗೂನೇ ಕೇಳ್ತಿದೆ, ನಾನಲ್ಲ."

ಅಜ್ಜ ಅವಳ ಮುಖ ನೋಡಿದ. ಅವಳು ಅವನ ಕೀಲಿಗೊಂಚಲಿಗೆ ಕೈಚಾಚಿದಳು. ಅವನು ಗೊಂಚಲನ್ನು ಅವಳ ಕೈಗಿಟ್ಟು, ಮೆಲ್ಲನೆ ನೆಲಕ್ಕೆ ಕೂತ.

"ಎಂಜಿನಿಯರ್ ಮೂರು ಮೂರು ತಿಂಗಳಿಗೆ ಬಂದು ನೋಡ್ತಾನೆ, ಗೊತ್ತಾಗಲಿಲ್ಲ. ಈ ಚೋಟುದ್ದ ಹುಡುಗಿ ಹಿಡಿದುಬಿಟ್ಳು" ಎಂದ.

"ಎಷ್ಟು ಸಲ?"

"ಮೂರು. ಮಳೆಗಾಲ ಮುಗಿದ ಮೇಲೆ ಎಂಟನೇದು ಒಂದ್ಸಲ, ಹತ್ತನೇದು ಒಂದ್ಸಲ. ಹೋದ ವಾರ ಇದು. ಫೋಟೋಗೆ ಹಾಕೋ ಗಾಜು ತಂದು ಹಾಕ್ದೆ."

ಎಂಟು, ಒಂಬತ್ತು, ಹತ್ತು ಮೂರೂ ಒಂದೇ ಗೋಡೆ, ಒಂದೇ ತೊಲೆಯ ಅಡಿ. "ನನ್ನ ಮಗು ಇದರ ಕೆಳಗೇ ಆಡ್ತಿತ್ತಲ್ಲ ಅಜ್ಜ."

"ದಿನಾ ನಾನೂ ಇಲ್ಲೇ ಕೂತಿದ್ದೆನಲ್ಲ ತಾಯಿ, ಅವಳ ಪಕ್ಕದಲ್ಲೇ" ಎಂದ. ಅದು ಉತ್ತರವಲ್ಲ ಎಂದು ಅವನಿಗೂ ಗೊತ್ತಿತ್ತು.

ಅವನಿಗೆ ಬೀಗದಜ್ಜ ಎಂಬ ಹೆಸರು ಕೀಲಿಗೊಂಚಲಿನಿಂದ ಬಂತೆಂದು ಮಕ್ಕಳು ತಿಳಿದಿದ್ದಾರೆ. ನಾನು ಮದುವೆಯಾಗಿ ಈ ದ್ವೀಪಕ್ಕೆ ಬಂದ ಹೊಸದರಲ್ಲಿ ಅತ್ತೆ ಬೇರೆಯೇ ಕಥೆ ಹೇಳಿದ್ದರು. ಇಪ್ಪತ್ತಾರು ವರ್ಷದ ಹಿಂದೆ, ನಲವತ್ತರ ಪ್ರಾಯದ ತೂಕದವನು ಇದೇ ಗೋಡೆಯಲ್ಲಿ ಬಿರುಕು ಕಂಡು ಬಂದರಿನ ಅಧಿಕಾರಿಗೆ ಹೇಳಿದ. ಅಧಿಕಾರಿ ಬಂದ, ನೋಡಿದ, ಎಲ್ಲರನ್ನೂ ಕೆಳಗಿಳಿಸಿ ಬಾಗಿಲಿಗೆ ಬೀಗ ಜಡಿದ. ಸರಕು ಇಳಿಸುವ ಕೆಲಸ ಆಚೆ ದಡದ ಬಂದರಿಗೆ ಹೋಯಿತು, ಮತ್ತೆ ಮರಳಲಿಲ್ಲ. ಅರವತ್ತು ಮನೆಯ ಗಂಡಸರು ಕೆಲಸ ಕಳೆದುಕೊಂಡರು. ಅವರಲ್ಲಿ ನನ್ನ ಮಾವನೂ ಒಬ್ಬರು. ಅತ್ತೆ ಅಂದಿನಿಂದ ಅವನ ಜೊತೆ ಮಾತು ಬಿಟ್ಟವರು. "ಆ ಬೀಗದವನ ಹತ್ರ ಮಗು ಬಿಡ್ತೀಯಾ? ಅದರ ಬಾಯಿಗೂ ಬೀಗ ಹಾಕಿಸ್ತಾನೆ ನೋಡು" ಎಂದು ನನ್ನನ್ನು ವಾರಕ್ಕೊಮ್ಮೆಯಾದರೂ ಚುಚ್ಚುತ್ತಿದ್ದರು.

"ಬೀಗ ಹಾಕಿ ಇಪ್ಪತ್ತೊಂದು ವರ್ಷ ಖಾಲಿ ನಿಂತಿತ್ತು ಈ ಕಟ್ಟಡ" ಎಂದ ಅಜ್ಜ. "ದಿನಾ ಬಂದು ನೋಡ್ತಿದ್ದೆ. ಒಂದು ಕಲ್ಲು ಬೀಳಲಿಲ್ಲ. ಬಿದ್ದಿದ್ರೆ, ಒಂದೇ ಒಂದು ಕಲ್ಲು ಬಿದ್ದಿದ್ರೆ, ಅವನು ಹೇಳಿದ್ದು ನಿಜ ಅಂತಿದ್ರು. ನಮ್ಮಣ್ಣ ಊರು ಬಿಟ್ಟು ಹೋಗುವಾಗ ದೋಣಿಕಟ್ಟೆ ಮೇಲೆ ನಿಂತು, 'ಗೋಡೆ ಬಿದ್ದಾಗ ಕಾಗದ ಹಾಕು' ಅಂದ. ಹಾಕೋ ಹಾಗಾಗಲೇ ಇಲ್ಲ."

ಭಾನುವಾರ ಕೇಂದ್ರಕ್ಕೆ ಐದು ವರ್ಷ ತುಂಬಿದ ಕಾರ್ಯಕ್ರಮವಿತ್ತು. ಮೇಲೆ ಸಭಾಂಗಣದಲ್ಲಿ ಮಕ್ಕಳ ನೃತ್ಯ, ಇನ್ನೂರು ಜನ.

"ಅದೊಂದು ಮುಗೀಲಿ" ಎಂದ. "ಸೋಮವಾರ ನಾನೇ ಎಂಜಿನಿಯರ್ ಎದುರು ನಿಲ್ತೀನಿ. ಇನ್ನೊಂದ್ಸಲ ಈ ಬಾಗಿಲು ಮುಚ್ಚಿಸಿದವನು ಅನ್ನಿಸ್ಕೊಳ್ಳೋಕೆ ಎರಡು ದಿನ ಟೈಮ್ ಕೊಡು."

"ಇನ್ನೂರು ಜನ ಅಜ್ಜ."

"ತಲೆಗೆ ಐವತ್ತೈದು ಕೆಜಿ ಲೆಕ್ಕಕ್ಕೆ ಹನ್ನೊಂದು ಟನ್. ಮೂಟೆ ಕಾಲದಲ್ಲಿ ಇದರ ನಾಲ್ಕು ಪಟ್ಟು ಹೊತ್ತಿದೆ ಆ ನೆಲ. ಹರಡಿಕೊಂಡು ಕೂತ್ರೆ ಏನೂ ಆಗಲ್ಲ. ಎಲ್ಲರೂ ಒಟ್ಟಿಗೆ ಒಂದೇ ಕಡೆ ಹೋದ್ರೆ ಮಾತ್ರ..."

ಇಬ್ಬರಿಗೂ ಒಂದೇ ನೆನಪಾಗಿತ್ತು, ನಾಲ್ಕೂವರೆಯ ಲಾಂಚು.

ನಮ್ಮೂರಿನವರಿಗೆ ಲಾಂಚಿನ ಹಾರ್ನ್ ಕೇಳಿದರೆ ಕಾಲು ನಿಲ್ಲುವುದಿಲ್ಲ. ಪರೀಕ್ಷೆ ಬರೆಯುತ್ತಿದ್ದರೂ, ಹಲ್ಲು ಕೀಳಿಸಿಕೊಳ್ಳುತ್ತಿದ್ದರೂ ಎದ್ದು ಕಿಟಕಿಗೆ ಹೋಗುತ್ತಾರೆ. ಯಾರು ಬಂದರು, ಯಾರು ಬರಲಿಲ್ಲ, ಯಾರ ಕೈಯಲ್ಲಿ ಎಷ್ಟು ದೊಡ್ಡ ಚೀಲ, ಎಲ್ಲ ನೋಡಿದ ಮೇಲೆಯೇ ಬಿಟ್ಟ ಕೆಲಸ. ಇನ್ನೂರು ಜನ ಒಮ್ಮೆಲೇ ಎದ್ದು ಸಮುದ್ರದ ಕಡೆಯ ಏಳು ಕಿಟಕಿಗೆ ಮುಗಿಬಿದ್ದರೆ ಅಷ್ಟೂ ಭಾರ ಆ ತೊಲೆಯ ತುದಿಗೆ ಬೀಳುತ್ತದೆ.

ಆಗಲೇ ಮೇಡಂ ಹತ್ತಿರ ಹೋಗಬೇಕಿತ್ತು. ಹೋಗಲಿಲ್ಲ. ಅಜ್ಜನ ಮುಖ ನೋಡಿ ಸೋತೆ. ಇಲ್ಲಿ ಚೆಂದ ಮಾಡಿ ಬರೆಯುವುದರಲ್ಲಿ ಅರ್ಥವಿಲ್ಲ. ನನ್ನ ಮಗಳ ಚಾಪೆ ಮಾತ್ರ ದೂರ ಸರಿಸಿ, ಬೇರೆಯವರ ಮಕ್ಕಳನ್ನು ಮೇಲೆ ಕುಣಿಯಲು ಬಿಟ್ಟವಳು ನಾನು.

ನನ್ನ ಗಂಡ ಅದೇ ಲಾಂಚಿನಲ್ಲಿ ಎಂಜಿನ್ ನೋಡಿಕೊಳ್ಳುವವರು. ಫೋನ್ ಮಾಡಿದೆ.

"ರೀ, ಭಾನುವಾರ ಸಂಜೆ ಹಾರ್ನ್ ಹೊಡೀದೆ ಬರೋಕಾಗುತ್ತಾ?"

"ಹೊಡೀದೆ ಕಟ್ಟೆಗೆ ತಾಗಿಸಿದ್ರೆ ಕ್ಯಾಪ್ಟನ್‌ಗೆ ನೋಟಿಸ್ ಬರುತ್ತೆ. ಯಾಕೆ?"

"ಕಾರ್ಯಕ್ರಮ ನಡೀತಿರುತ್ತೆ. ಮಗು ಬೆಚ್ಚಿ ಬೀಳ್ತಾಳೆ."

"ನನ್ನ ಮಗಳಾ? ಹಾರ್ನ್ ಕೇಳಿದ್ರೆ ಕುಣಿಯೋಳು ಅವಳು." ನಕ್ಕರು. ಆಮೇಲೆ ದನಿ ಬದಲಾಯಿತು. "ಏನಾಯ್ತು? ನಿನ್ನ ದನಿ ಸರಿಯಿಲ್ಲ."

"ಏನಿಲ್ಲ. ಕೇಳಿ ನೋಡಿ."

ಅಲೆ ತಡೆಯುವ ಗೋಡೆಯ ಆಚೆಯೇ, ಅಷ್ಟು ದೂರದಲ್ಲೇ ಮೆಲ್ಲಗೆ ಒಮ್ಮೆ ಹೊಡೆದು ಬರಲು ಕ್ಯಾಪ್ಟನ್ ಒಪ್ಪಿದರೆಂದು ಮಧ್ಯಾಹ್ನ ತಿಳಿಸಿದರು. ಅಜ್ಜ ಕಿಟಕಿಗಳಿಗೆ ದಪ್ಪ ಪರದೆ ಹಾಕುವುದೆಂದೂ, ಕುರ್ಚಿಗಳ ಸಾಲನ್ನು ಹಗ್ಗದಿಂದ ಕಟ್ಟಿ ದಾರಿ ತಪ್ಪಿಸುವುದೆಂದೂ ಹೇಳಿದ. ಇಬ್ಬರೂ ಭಾನುವಾರವನ್ನು ಅಷ್ಟು ಜೋಪಾನವಾಗಿ ಕಟ್ಟಿಟ್ಟೆವು. ಶನಿವಾರ ನೆನಪಿಗೆ ಬರಲಿಲ್ಲ.

ಶನಿವಾರ ಬೆಳಿಗ್ಗೆ ಹತ್ತಕ್ಕೆ ಮಕ್ಕಳ ಅಭ್ಯಾಸವಿತ್ತು. ದರ್ಜಿಯಿಂದ ಬಟ್ಟೆ ಬರುವುದು ತಡವೆಂದು ನೃತ್ಯದ ಟೀಚರ್ ಸಂಜೆಗೆ ಬದಲಿಸಲು ಕೇಳಿದರು. ರಿಜಿಸ್ಟರಿನಲ್ಲಿ ಹತ್ತನ್ನು ಹೊಡೆದು ಹಾಕಿ ನಾಲ್ಕು ಎಂದು ಬರೆದೆ. ಬರೆದ ಕೈ ನನ್ನದೇ. ಬರೆಯುವಾಗ ಮಗಳು ಪೆನ್ನಿನ ಮುಚ್ಚಳ ಬಾಯಿಗೆ ಹಾಕಿಕೊಂಡಿದ್ದಳು. ನನ್ನ ಗಮನವೆಲ್ಲ ಮುಚ್ಚಳದ ಮೇಲಿತ್ತು.

ನಾಲ್ಕಕ್ಕೆ ಮಕ್ಕಳೂ ತಾಯಂದಿರೂ ಮೆಟ್ಟಿಲು ಹತ್ತಿದರು. ನನ್ನ ನಾದಿನಿಯ ಮಗಳೂ ಕುಣಿಯುವವರಲ್ಲಿದ್ದಳು. ಅವಳ ಕೈಹಿಡಿದು ಅತ್ತೆಯೂ ಬಂದರು. ಮಾವ ಕೆಲಸ ಕಳೆದುಕೊಂಡ ಮೇಲೆ ಅವರು ಆ ಮೆಟ್ಟಿಲು ಹತ್ತಿದ್ದು ಅದೇ ಮೊದಲು. ಹತ್ತುವಾಗ ಅಜ್ಜ ಕುರ್ಚಿ ಹಿಡಿದು ಎದುರಾದ. ಅತ್ತೆ ಗೋಡೆಯ ಕಡೆ ಮುಖ ತಿರುಗಿಸಿ ಹಾದುಹೋದರು.

ನಾನು ಕೆಳಗೆ ಮಗಳಿಗೆ ಬಾಳೆಹಣ್ಣು ತಿನ್ನಿಸುತ್ತಿದ್ದೆ. ಮೇಲೆ ಮಕ್ಕಳ ಹೆಜ್ಜೆ ಒಂದೇ ಹದದಲ್ಲಿ ಬೀಳುತ್ತಿತ್ತು. ಗಡಿಯಾರ ನೋಡಿದೆ. ನಾಲ್ಕೂ ಇಪ್ಪತ್ತೆಂಟು.

ಎದ್ದೆ. ಎದ್ದದ್ದು ಮಾತ್ರ ನೆನಪಿದೆ. ಹಾರ್ನ್ ಆಯಿತು, ಎಂದಿನಂತೆ ಉದ್ದವಾಗಿ, ಕಟ್ಟೆಯ ಹತ್ತಿರದಿಂದಲೇ. ಹಾಡು ನಿಂತಿತು. ತಲೆಯ ಮೇಲೆ ಮೂಟೆಗಳ ರಾಶಿ ಕುಸಿದು ಒಂದೇ ಕಡೆಗೆ ಉರುಳಿದ ಹಾಗೆ ಸದ್ದಾಯಿತು. ತೊಲೆಯ ತುದಿಯಿಂದ ಸಣ್ಣಗೆ ಧೂಳು ಇಳಿಯಿತು, ಹಿಟ್ಟು ಜರಡಿ ಹಿಡಿದಂತೆ. ಆಮೇಲೆ 'ಟಿಕ್' ಎಂದಿತು. ಪೆನ್ಸಿಲ್ ಮೊನೆ ಮುರಿದಷ್ಟೇ ಸದ್ದು. ಒಂಬತ್ತನೇ ಗಾಜು ಎರಡು ತುಂಡಾಗಿ, ಎರಡರ ನಡುವೆ ಕೂದಲೆಳೆಯಷ್ಟು ಕಪ್ಪು ಗೆರೆ ಕಂಡಿತು.

ಕಿರುಚಲು ಬಾಯಿ ತೆರೆದೆ. ಕಿರುಚಿದರೆ ಅಷ್ಟೂ ಜನ ಒಟ್ಟಿಗೆ ಮೆಟ್ಟಿಲಿಗೆ ನುಗ್ಗುತ್ತಾರೆ, ಮುಂದೆ ಇರುವವರು ಮಕ್ಕಳು. ಮಗಳನ್ನು ಎದೆಗವಚಿಕೊಂಡು ಮೆಟ್ಟಿಲ ಬುಡಕ್ಕೆ ಓಡಿದೆ. ಚಹಾಕ್ಕೆ ಕರೆಯುವ ದನಿಯಲ್ಲಿ, ನನ್ನಿಂದಾದಷ್ಟು ಮಾಮೂಲಾಗಿ ಕೂಗಿದೆ: "ಅಜ್ಜಾ, ಒಂಬತ್ತು."

ಅಜ್ಜ ಮೇಲಿನ ಮೆಟ್ಟಿಲಲ್ಲಿ ಕಾಣಿಸಿಕೊಂಡ. ನನ್ನ ಮುಖ ನೋಡಿದ. ಅವನ ಕಣ್ಣು ನನ್ನಿಂದ ಮಗುವಿಗೆ, ಮಗುವಿನಿಂದ ಬಾಗಿಲಿಗೆ ಹೋಯಿತು. ಆಮೇಲೆ ತಿರುಗಿದ. ಅವನ ದನಿ ಕೇಳಿಸಿತು. ನಾನು ಅದುವರೆಗೆ ಕೇಳಿರದ ದನಿ, ಉದ್ದ, ರಾಗದ್ದು, ಇಡೀ ಅಟ್ಟ ತುಂಬುವಂಥದ್ದು.

"ಮಕ್ಕಳೇ, ಹಿಂದೆ ಇಲ್ಲಿಂದ ಮೂಟೆ ಹೇಗೆ ಇಳಿಸ್ತಿದ್ರು ತೋರಿಸ್ತೀನಿ. ಈಗ ನೀವೆಲ್ಲ ಮೂಟೆ. ದೊಡ್ಡೋರೂ ಮೂಟೆ. ಮೂಟೆ ಓಡಲ್ಲ, ಮೂಟೆ ಮಾತಾಡಲ್ಲ. ನಾನು ನಂಬರ್ ಕೂಗಿದ್ರೆ ಒಂದು ಮೂಟೆ ಇಳೀಬೇಕು. ಕೆಳಗಿಂದ ಅಕ್ಕ ಅದೇ ನಂಬರ್ ಕೂಗೋ ತನಕ ಇನ್ನೊಂದು ಮೂಟೆ ಅಲ್ಲಾಡಬಾರದು. ನಡುಕಿಟಕಿ ಮೂಟೆಗಳು ಮೊದಲು. ಒಂದೇ..."

ಒಬ್ಬ ಪುಟ್ಟ ಹುಡುಗಿ ಗೆಜ್ಜೆಯ ಕಾಲಲ್ಲಿ ಇಳಿದು ಬಂದಳು. ನಗುತ್ತಿದ್ದಳು. ಅವಳ ಭುಜ ಹಿಡಿದು ಹೊರಬಾಗಿಲಿಗೆ ದಾಟಿಸಿ, "ಒಂದೇ" ಎಂದೆ. ನನ್ನ ದನಿ ಒಡೆಯಿತು. ಮತ್ತೆ ಕೂಗಿದೆ: "ಒಂದೇ."

"ಎರಡೇ..."

"ಎರಡೇ."

ಅದು ಹಳೆಯ ತೂಕದವರ ಪದ್ಧತಿ ಎಂದು ಆಮೇಲೆ ತಿಳಿಯಿತು. ಮೇಲಿನವನು ಕೂಗಿ ಬಿಡುತ್ತಾನೆ, ಕೆಳಗಿನವನು ಕೂಗಿ ಪಡೆಯುತ್ತಾನೆ. ಎರಡು ದನಿಯ ನಡುವೆ ಒಂದೇ ಮೂಟೆ. ಹಾಗಾದರೆ ನೆಲ ಅದುರುವುದಿಲ್ಲ, ಲೆಕ್ಕ ತಪ್ಪುವುದಿಲ್ಲ, ಯಾರ ಕಾಲ ಮೇಲೂ ಏನೂ ಬೀಳುವುದಿಲ್ಲ.

ಇಪ್ಪತ್ತರ ಹೊತ್ತಿಗೆ ನನ್ನ ತೋಳು ಜೋಮು ಹಿಡಿದಿತ್ತು. ಮೊದಲು ಇಳಿದವರಲ್ಲಿ ಯಾರಾದರೊಬ್ಬರ ಕೈಗೆ ಮಗಳನ್ನು ಕೊಟ್ಟು ಹೊರಗೆ ಕಳಿಸಬಹುದಿತ್ತು. ಕೊಡಲು ತೋಚಲಿಲ್ಲ. ಮೂವತ್ತನಾಲ್ಕಕ್ಕೆ ಓದುವ ಕೋಣೆಯಿಂದ ಮತ್ತೊಂದು 'ಟಿಕ್' ಕೇಳಿಸಿತು. ಹತ್ತನೆಯದಿರಬೇಕು. ನಾನು ಮೇಲಕ್ಕೆ ಏನೂ ಹೇಳಲಿಲ್ಲ. "ಮೂವತ್ತನಾಲ್ಕೇ" ಎಂದೆ. ಅಜ್ಜನೂ ಅವಸರ ಮಾಡಲಿಲ್ಲ. ಅವನು ಅವಸರ ಮಾಡದಿರುವುದೇ ನನ್ನ ಹೆದರಿಕೆಯನ್ನು ಹೆಚ್ಚಿಸಿತು.

ಎಪ್ಪತ್ತೆಂಟಾಯಿತು. ನಾದಿನಿಯ ಮಗಳು ಯಾವಾಗಲೋ ಇಳಿದು ಹೊರಗಿದ್ದಳು. "ಎಪ್ಪತ್ತೊಂಬತ್ತೇ" ಎಂದು ಅಜ್ಜ ಕೂಗಿದ. ಯಾರೂ ಇಳಿಯಲಿಲ್ಲ.

"ನಾನು ಇಳಿಯಲ್ಲ." ಅತ್ತೆಯ ದನಿ. "ಇಪ್ಪತ್ತಾರು ವರ್ಷದ ಹಿಂದೆ ನಿನ್ನ ಮಾತು ಕೇಳಿ ನನ್ನ ಗಂಡ ಈ ಮೆಟ್ಟಿಲು ಇಳಿದ್ರು. ಮತ್ತೆ ಹತ್ತಲಿಲ್ಲ. ಸಾಯೋ ತನಕ ಮನೆ ಮುಂದಿನ ಕಲ್ಲಿನ ಮೇಲೆ ಕೂತ್ರು. ಏನಾಗಿತ್ತು ಆಗ? ಏನು ಬಿತ್ತು? ಈಗ ಯಾರ ಅನ್ನಕ್ಕೆ ಬೀಗ ಹಾಕಿಸ್ತಿದ್ದೀಯ?"

ಕೆಳಗೆ ನಿಂತು ನಾನು ಕಣ್ಣು ಮುಚ್ಚಿಕೊಂಡೆ. ಅತ್ತೆ ನಿಂತಿದ್ದದ್ದು ಸಮುದ್ರದ ಕಡೆಯ ಕಿಟಕಿಯಲ್ಲೇ ಎಂದು ದನಿಯಿಂದ ಗೊತ್ತಾಗುತ್ತಿತ್ತು.

"ಅತ್ತಿಗೆ," ಎಂದ ಅಜ್ಜ. ರಾಗ ಹೋಗಿತ್ತು. "ಬೈಯೋದನ್ನ ಕೆಳಗೆ ಹೋಗಿ ಬೈಯಿರಿ, ಎಷ್ಟು ಬೇಕಾದ್ರೂ. ಆವತ್ತು ನಾನು ನಿಜ ಹೇಳಿದ್ದೆ, ಯಾರೂ ನಂಬಲಿಲ್ಲ. ಈ ವರ್ಷ ಸುಳ್ಳು ಬರೆದೆ, ಎಲ್ಲರೂ ನಂಬಿದ್ರು. ಮೂರು ಸಲ ಗಾಜು ಮುರೀತು, ಮೂರು ಸಲಾನೂ ಹೊಸದು ಅಂಟಿಸಿ ಮುಚ್ಚಿಟ್ಟೆ. ಈಗ ನಾಲ್ಕನೇ ಸಲ ಮುರಿದಿದೆ. ನಿಮ್ಮ ಸೊಸೆ ಮಗು ಎತ್ಕೊಂಡು ಕೆಳಗೇ ನಿಂತಿದ್ದಾಳೆ. ನೀವು ಇಳಿಯೋ ತನಕ ಅವಳು ಅಲ್ಲಿಂದ ಕದಲಲ್ಲ. ಇಳೀರಿ."

ಮೇಲೆ ಉಳಿದವರಲ್ಲಿ ಮೇಡಂ ಇದ್ದರು, ನೃತ್ಯದ ಟೀಚರ್ ಇದ್ದರು. ಅಷ್ಟು ಜನರ ಎದುರು ಹೇಳಿದ. ಮಗಳು ನನ್ನ ಕಿವಿಯ ಓಲೆ ಎಳೆಯುತ್ತಿದ್ದಳು. ಆಮೇಲೆ ಅತ್ತೆಯ ಚಪ್ಪಲಿ ಮೆಟ್ಟಿಲ ಮೇಲೆ ಸದ್ದು ಮಾಡಿತು. ಕೈಗೋಡೆ ಹಿಡಿದು, ಒಂದೊಂದೇ ಮೆಟ್ಟಿಲು, ಕಾಲಿಗೆ ಕಾಲು ಸೇರಿಸಿ ಇಳಿದರು. ನನ್ನ ಮುಖ ನೋಡದೆ ಮಗುವನ್ನು ಕಿತ್ತುಕೊಂಡು ಹೊರಗೆ ನಡೆದರು.

"ಎಪ್ಪತ್ತೊಂಬತ್ತೇ" ಎಂದೆ.

ಎಂಬತ್ತಮೂರು ಮೇಡಂ. ಅವರ ಮುಖ ಸುಣ್ಣದಂತಾಗಿತ್ತು. ಅವರು ಹೊರಗೆ ಹೋದ ಮೇಲೆ ಮೇಲಿಂದ ಯಾವ ಸಂಖ್ಯೆಯೂ ಬರಲಿಲ್ಲ.

"ಎಂಬತ್ತನಾಲ್ಕೇ" ಎಂದು ಕೆಳಗಿಂದ ನಾನೇ ಕೂಗಿದೆ.

"ನಾನು ಲೆಕ್ಕಕ್ಕಿಲ್ಲ ತಾಯಿ. ತೂಗೋನನ್ನ ಯಾರೂ ಎಣಿಸ್ತಿರಲಿಲ್ಲ. ನೀನು ಹೋಗು. ನಾನು ಕಿಟಕಿ ಹಾಕಿ ಬರ್ತೀನಿ."

"ಎಂಬತ್ತನಾಲ್ಕೇ."

ಕಿಟಕಿಯ ಕೊಂಡಿ ಬಿದ್ದ ಸದ್ದು. ಸಮುದ್ರದ ಕಡೆಯ ಕಿಟಕಿ. ನನಗೆ ಅಳು ಬಂತು. ಆಗ ಹಿಂದಿನಿಂದ, ಹೊಸ್ತಿಲಾಚೆ ನಿಂತು ಅತ್ತೆ ಹೇಳಿದರು: "ಇಳಿದು ಬಾರೋ. ಅವಳು ಕೂಗ್ತಿದ್ದಾಳಲ್ಲ, ಕೇಳಿಸಲ್ವಾ?"

ಅಜ್ಜ ಇಳಿದು ಬಂದ. ಹೊರಗೆ ಬಂದು, ಬಾಗಿಲೆಳೆದು, ಬೀಗ ಹಾಕಿ, ಕೀಲಿಗೊಂಚಲನ್ನು ಮೇಡಂ ಕೈಗೆ ಕೊಟ್ಟ. ಜೇಬಿನಿಂದ ಒಂದು ತಗಡಿನ ಡಬ್ಬಿಯನ್ನೂ ತೆಗೆದು ಕೊಟ್ಟ. ಅದರಲ್ಲಿ ಕಾಗದ ಸುತ್ತಿದ ಮೂರು ಮುರಿದ ಗಾಜುಗಳಿದ್ದವು. ಒಂದೊಂದು ಕಾಗದದ ಮೇಲೂ ಅದು ಮುರಿದ ನಿಜವಾದ ದಿನ ಬರೆದಿತ್ತು. ಅಂಟಿಸುವಾಗ ಸುಳ್ಳು ತಾರೀಖು ಗೀಚಿದ ಕೈಗೆ ಅವನ್ನು ಎಸೆಯುವ ಧೈರ್ಯ ಬಂದಿರಲಿಲ್ಲ.

ಎಂಜಿನಿಯರ್ ಮರುದಿನವೇ ಬಂದು ಗೋಡೆಯ ಗಾರೆ ಕೆತ್ತಿಸಿದರು. ತೊಲೆಯ ತುದಿ ಗೋಡೆಯೊಳಗೆ ಒಂದು ಗೇಣು ಉದ್ದಕ್ಕೆ ನೆನೆದ ಬ್ರೆಡ್ಡಿನಂತಾಗಿತ್ತು. ಬೆರಳು ಹಾಕಿದರೆ ಒಳಗೆ ಹೋಗುತ್ತಿತ್ತು. ಎಷ್ಟು ದಿನ ತಡೆಯುತ್ತಿತ್ತು ಎಂದು ಮೇಡಂ ಕೇಳಿದರು. "ಒಂದು ವರ್ಷ ತಡೀಬಹುದಿತ್ತು, ಇನ್ನೊಂದು ಹಾರ್ನ್ ತನಕ ಮಾತ್ರ ತಡೀಬಹುದಿತ್ತು. ಕೇಳಬೇಡಿ" ಎಂದರು. ಪುಸ್ತಕದ ಐದು ವರ್ಷದ ಸಹಿಗಳಿಗಿಂತ ಆ ಡಬ್ಬಿಯೇ ತಮಗೆ ಹೆಚ್ಚು ಉಪಯೋಗವೆಂದೂ ಹೇಳಿದರು, ಬಿರುಕು ಎಷ್ಟು ಬೇಗ ಹಿಗ್ಗಿತೆಂದು ಆ ದಿನಗಳಿಂದ ತಿಳಿಯುತ್ತದೆಯಂತೆ. ಒಂಬತ್ತನೆಯ ಹಳೆಯ ಗಾಜನ್ನು ಎತ್ತಿ ಹಿಡಿದಾಗ ನಾನೂ ನೋಡಿದೆ. ಗುಳ್ಳೆಯ ನಡುವೆಯೇ ಸೀಳಿತ್ತು.

ಅಜ್ಜನನ್ನು ಕೆಲಸದಿಂದ ತೆಗೆದರು. ಗುರುವಾರದಿಂದ ನನಗೂ ಗೊತ್ತಿತ್ತೆಂದು ನಾನೇ ಬರೆದುಕೊಟ್ಟೆ. ನನಗೆ ಎಚ್ಚರಿಕೆಯ ಪತ್ರ ಬಂತು. ಅದು ಡೈರಿಯಲ್ಲೇ ಇದೆ, ಮಗಳ ಮೊದಲ ಹಲ್ಲಿನ ಪುಟದ ಪಕ್ಕ. ದೊಡ್ಡವಳಾದ ಮೇಲೆ ಓದಲಿ.

ಕಟ್ಟಡದ ಸುತ್ತ ಈಗ ಹಗ್ಗ ಕಟ್ಟಿದ್ದಾರೆ. ಓದುವ ಕೋಣೆ ಲಾಂಚು ಕಾಯುವವರ ಶೆಡ್ಡಿಗೆ ಬಂದಿದೆ. ಮಕ್ಕಳು ಅಂಗಳದಲ್ಲೇ ಕುಣಿಯುತ್ತಾರೆ. ಅಂಗಳದ ಮೂಲೆಯಲ್ಲಿ ಹಳೆಯ ತಕ್ಕಡಿಯ ಕಬ್ಬಿಣದ ಹಲಗೆಯೊಂದು ಬಿದ್ದಿದೆ, ಅಜ್ಜ ದಿನಾ ಬಂದು ಅದರ ಮೇಲೆ ಕೂರುತ್ತಾನೆ. 'ಬೀಗದಜ್ಜ ಎರಡನೇ ಸಲಾನೂ ಹಾಕಿಸಿಬಿಟ್ಟ' ಎಂದು ಹಾದುಹೋಗುವವರು ಅನ್ನುತ್ತಾರೆ, ಕೆಲವರು ನಕ್ಕು, ಕೆಲವರು ನಗದೆ. ಅಂದು ಮೇಲೆ ಮಕ್ಕಳನ್ನು ಬಿಟ್ಟಿದ್ದ ತಾಯಿಯೊಬ್ಬಳು ಅವನ ಮುಖಕ್ಕೆ ಉಗುಳುವುದೊಂದು ಬಾಕಿ ಎನ್ನುವಂತೆ ಬೈದು ಹೋದಳು. ಅಜ್ಜ ಎದ್ದು ನಿಂತು ಪೂರ್ತಿ ಕೇಳಿದ. ನಾನು ಪಕ್ಕದಲ್ಲೇ ಇದ್ದೆ. ಅದರಲ್ಲಿ ಅರ್ಧ ನನಗೆ ಸಲ್ಲಬೇಕಾದದ್ದು ಎಂದು ಬಾಯಿ ಬಿಡಲು ಹೊರಟರೆ ಅವನು ಕೈಸನ್ನೆಯಲ್ಲಿ ತಡೆದ.

ಅತ್ತೆ ಅವನೊಡನೆ ಮತ್ತೆ ಮಾತಾಡಿಲ್ಲ. ಆದರೆ ನಾನು ಹೊರಡುವಾಗ ಫ್ಲಾಸ್ಕಿನಲ್ಲಿ ಇಬ್ಬರಿಗಾಗುವಷ್ಟು ಚಹಾ ಹಾಕಿ, "ಆರೋಕೆ ಮುಂಚೆ ಕೊಡು" ಎನ್ನುತ್ತಾರೆ. ಯಾರಿಗೆ ಎಂದು ಅವರೂ ಹೇಳುವುದಿಲ್ಲ, ನಾನೂ ಕೇಳುವುದಿಲ್ಲ.

ನಾಲ್ಕೂವರೆಗೆ ಹಾರ್ನ್ ಆಗುತ್ತದೆ. ಎಲ್ಲರೂ ಸಮುದ್ರದ ಕಡೆ ತಿರುಗಿ ಓಡುತ್ತಾರೆ. ಕಾಲ ಕೆಳಗಿರುವುದು ಬರೀ ನೆಲವೆಂದು ಗೊತ್ತಿದ್ದರೂ ನಾನು ಎಲ್ಲಿದ್ದರೂ ಮಗಳನ್ನು ಎತ್ತಿಕೊಳ್ಳುತ್ತೇನೆ. ಎತ್ತಿಕೊಂಡು ಅಜ್ಜನ ಕಡೆ ನೋಡುತ್ತೇನೆ. ಅವನು ಲಾಂಚಿನ ಹಲಗೆ ದಾಟಿ ಇಳಿಯುವವರನ್ನೇ ನೋಡುತ್ತಿರುತ್ತಾನೆ, ತುಟಿ ಅಲುಗುತ್ತಿರುತ್ತದೆ. ಎಷ್ಟೆಂದು ನನಗೆ ಕೇಳಿಸುವುದಿಲ್ಲ. ಆದರೂ ಒಬ್ಬೊಬ್ಬರ ಕಾಲು ಕಟ್ಟೆಗೆ ತಾಗಿದಾಗಲೂ ನಾನು ಮೆಲ್ಲಗೆ ಸಂಖ್ಯೆ ಹೇಳುತ್ತೇನೆ. ಕೊನೆಯವರು ಇಳಿಯುವವರೆಗೆ ಮಗಳನ್ನು ಕೆಳಗೆ ಬಿಡುವುದಿಲ್ಲ.